ಅಳತೆ ಬ್ಲೌಸ್

ಎದೆಯ ಭಾರ ಇಳಿಸಿಕೊಳ್ಳಬೇಕೆಂದು ಪ್ಲಾಸ್ಟಿಕ್ ಸರ್ಜರಿ ಓಪಿಡಿಗೆ ಬರುವವರ ಕೈಚೀಲ ನೋಡಿದರೆ ಅರ್ಧ ಕಥೆ ತಿಳಿದುಬಿಡುತ್ತದೆ. ಕತ್ತಿನ ಎಕ್ಸ್‌ರೇ, ಫಿಸಿಯೋಥೆರಪಿಯ ಹತ್ತು ಸಿಟ್ಟಿಂಗಿನ ಚೀಟಿ, ಎದೆಯಡಿಯ ಮಡಿಕೆ ಬೆವರಿಗೆ ಹಸಿಯಾಗಿ ಸುಲಿಯುತ್ತದೆಂದು ಚರ್ಮದ ಡಾಕ್ಟರು ಬರೆದುಕೊಟ್ಟ ಕ್ಲೋಟ್ರಿಮಜೋಲ್ ಪೌಡರ್. ಜಯನಗರದ ಕಡೆಯಿಂದ ಬಂದ ಒಬ್ಬರ ಚೀಲದಲ್ಲಿ ಇವೆಲ್ಲದರ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ರೇಷ್ಮೆ ಬ್ಲೌಸ್ ಇತ್ತು. ಮೆರೂನ್ ಬಣ್ಣ, ಕಂಕುಳ ಹತ್ತಿರ ಬಿಳಚಿಕೊಂಡಿತ್ತು. ಮದುವೆಯಾದ ಹೊಸತರಲ್ಲಿ ಹೊಲಿಸಿದ್ದಂತೆ. ಆಮೇಲೆ ಎಷ್ಟೋ ವರ್ಷ ಟೈಲರಿಗೆ ಕೊಡುವ ಅಳತೆ ಬ್ಲೌಸ್ ಅದೇ ಆಗಿತ್ತಂತೆ. ಮೇಜಿನ ಮೇಲೆ ಹರಡಿ, "ಡಾಕ್ಟ್ರೇ, ಇದು ಹಾಕ್ಕೊಳ್ಳೋ ಹಾಗೆ ಮಾಡ್ಕೊಡಿ, ಸಾಕು" ಅಂದರು. ಜೊತೆಗಿದ್ದ ಅಕ್ಕ "ಸುಮ್ನಿರೇ, ಇದೇನು ಟೈಲರ್ ಅಂಗಡೀನಾ" ಎಂದು ಗದರಿದರು. ಡಾಕ್ಟರು ನಗಲಿಲ್ಲ. ಬ್ಲೌಸ್ ಎತ್ತಿ, ಮುಂಭಾಗದ ಟಕ್ಸ್ ನೋಡಿ, "ಟೈಲರಿಗೆ ನನಗಿಂತ ಒಂದು ಅನುಕೂಲ ಇದೆ ಅಮ್ಮ. ಅವರ ಬಟ್ಟೆಗೆ ರಕ್ತ ಬೇಕಾಗಿಲ್ಲ" ಅಂದರು.

ಸ್ತನದ ಗಾತ್ರ ಕಡಿಮೆ ಮಾಡುವ ಈ ಸರ್ಜರಿ ಬಗ್ಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ತೆಗೀತೀರಿ? ಉಳಿದದ್ದು ಹೇಗೆ ಬದುಕುತ್ತದೆ ಎಂದು ಕೇಳುವವರು ಅಪರೂಪ. ಸಿಗರೇಟು ಬಿಡಿ ಅನ್ನುವುದರಿಂದ ಹಿಡಿದು ಎರಡನೇ ವಾರ ಹೊಲಿಗೆ ಬಾಯಿ ಬಿಡುವ ತನಕ, ಮುಂದೆ ಆಗುವುದಕ್ಕೆಲ್ಲ ಕಾರಣ ಈ ಕೇಳದ ಪ್ರಶ್ನೆಯಲ್ಲೇ ಅಡಗಿದೆ.

ನಿಲ್ಲಿಸಿ ಹಾಕುವ ಗೆರೆ

ಟೈಲರಿಂಗ್‌ಗೂ ಇದಕ್ಕೂ ಇರುವ ನಂಟು ಬರೀ ಮಾತಿನದಲ್ಲ. ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವ ನಕ್ಷೆಯನ್ನು ಅಮೆರಿಕದ ಸರ್ಜನ್ ರಾಬರ್ಟ್ ವೈಸ್ 1956ರಲ್ಲಿ ಪ್ರಕಟಿಸಿದರು, ಅದು ಬ್ರಾ ಕತ್ತರಿಸುವ ಪ್ಯಾಟರ್ನ್‌ನಿಂದಲೇ ಹುಟ್ಟಿದ್ದು. ಸರ್ಜರಿಯ ಬೆಳಿಗ್ಗೆ ಮಾರ್ಕರ್ ಪೆನ್ ಹಿಡಿದು ಗೆರೆ ಹಾಕುವುದೂ ಅಳತೆ ತೆಗೆಯುವ ಹಾಗೆಯೇ, ನಿಲ್ಲಿಸಿಕೊಂಡು. ಮಲಗಿಸಿದರೆ ಎದೆ ಕಂಕುಳ ಕಡೆ ಜಾರಿ ಅಳತೆಯೆಲ್ಲ ತಪ್ಪುತ್ತದೆ. ಕತ್ತಿನ ಬುಡದ ಗುಳಿಯಿಂದ ತೊಟ್ಟಿನವರೆಗೆ ಟೇಪು ಹಿಡಿಯುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಅದು 19ರಿಂದ 21 ಸೆಂಟಿಮೀಟರ್. ಸರ್ಜರಿಗೆ ಬಂದವರಲ್ಲಿ 30 ದಾಟಿರುವುದು ಸಾಮಾನ್ಯ. ತೊಟ್ಟಿನ ಹೊಸ ಜಾಗ ಗೊತ್ತುಮಾಡಲು ಎದೆಯ ಅಡಿಯ ಮಡಿಕೆಗೆ ಬೆರಳಿಟ್ಟು, ಅದರ ನೇರಕ್ಕೆ ಮುಂದೆ ಗುರುತು ಹಾಕುತ್ತಾರೆ. ಭಾರ ಇಳಿದ ಮೇಲೆ ಚರ್ಮ ರಬ್ಬರಿನ ಹಾಗೆ ಮೇಲಕ್ಕೆ ಜಗ್ಗುವುದರಿಂದ, ಅನುಭವಸ್ಥರು ಗುರುತನ್ನು ಒಂದು ಸೆಂಟಿಮೀಟರಿನಷ್ಟು ಕೆಳಗೇ ಇಡುತ್ತಾರೆ. ತೊಟ್ಟು ಕೆಳಗಾದರೆ ಆಮೇಲೆ ಏರಿಸಬಹುದು. ಮೇಲಾಯಿತೆಂದರೆ ಬ್ಲೌಸಿನ ಕೊರಳಿನಿಂದ ಇಣುಕುತ್ತದೆ, ಇಳಿಸುವುದು ಬಹಳ ಕಷ್ಟ.

ಗೆರೆ ಹಾಕುವಾಗ ಕೋಣೆಯಲ್ಲಿ ಒಬ್ಬ ನರ್ಸ್ ಇರಲೇಬೇಕು, ಇಲ್ಲದಿದ್ದರೆ ಧಾರಾಳವಾಗಿ ಕೇಳಿ ಕರೆಸಿಕೊಳ್ಳಿ. ಫೋಟೋ ತೆಗೆಯುತ್ತಾರೆ, ಮುಖ ಬಿಟ್ಟು. ಅದಕ್ಕೆ ಬೇರೆಯೇ ಒಪ್ಪಿಗೆ ಪತ್ರ ಇರಬೇಕು. ದಾಖಲೆಗೆ ಒಪ್ಪಿ, ಜಾಹೀರಾತಿಗೆ ಬೇಡವೆನ್ನುವ ಹಕ್ಕು ನಿಮಗಿದೆ.

ಇನ್ನು ಸೈಜಿನ ಮಾತು. "34ಕ್ಕೆ ಬರುತ್ತಾ?" ಎಂದು ಕೇಳಿದರೆ ಪ್ರಾಮಾಣಿಕ ಸರ್ಜನ್ ಹೌದು ಅನ್ನುವುದಿಲ್ಲ. 34 ಅನ್ನುವುದರಲ್ಲಿ ಪಕ್ಕೆಲುಬಿನ ಗೂಡೂ ಸೇರಿದೆ, ಅದು ಕರಗುವುದಿಲ್ಲ. ಅಲ್ಲದೆ ನಮ್ಮಲ್ಲಿ ಎದೆ ದೊಡ್ಡದಿರುವ ಹಲವರು ಸರಿಯಾದ ಕಪ್ ಸಿಗದೆ ಬ್ಯಾಂಡ್ ದೊಡ್ಡದು ಮಾಡಿಕೊಂಡು ಬಂದವರು. ನಿಜಕ್ಕೆ 36 ಬೇಕಾದವರು 42 ಹಾಕಿಕೊಂಡು, ಭಾರವನ್ನೆಲ್ಲ ಹೆಗಲ ಪಟ್ಟಿಗೆ ಹೊರಿಸಿರುತ್ತಾರೆ. ಹೆಗಲ ಮೇಲಿನ ಗುಳಿ ಬಂದಿದ್ದು ಹಾಗೆ. ಹಾಗಾಗಿ ಸೈಜಿನ ಬದಲು ಗ್ರಾಮಿನಲ್ಲಿ ಮಾತಾಡುವುದು ಒಳ್ಳೆಯದು. ಒಂದೊಂದು ಕಡೆ 400ರಿಂದ 800 ಗ್ರಾಂ ತೆಗೆಯುವುದು ಸಾಮಾನ್ಯ, ಕೆಲವರಲ್ಲಿ ಒಂದು ಕಿಲೋ ದಾಟುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಎಡ ಬಲ ಬೇರೆ ಬೇರೆ ತೂಗುತ್ತಾರೆ. ಎಡಕ್ಕೆ 620, ಬಲಕ್ಕೆ 540 ಎಂದು ಬಂದರೆ ಗಾಬರಿ ಬೇಡ, ಮೊದಲೇ ಎರಡೂ ಒಂದೇ ಸಮ ಇರಲಿಲ್ಲ.

ದೇಟು

ಕಳಿತ ಹಣ್ಣನ್ನು ಕೊಂಬೆಗೆ ಹಿಡಿದಿಟ್ಟಿರುವ ದೇಟು ನೆನಪಿಸಿಕೊಳ್ಳಿ. ತೊಟ್ಟನ್ನು 8–10 ಸೆಂಟಿಮೀಟರ್ ಮೇಲಕ್ಕೆ ಒಯ್ಯುತ್ತಾರೆ ಎಂದರೆ ಕಿತ್ತು ಅಂಟಿಸುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ತೊಟ್ಟು ಮತ್ತು ಅದರ ಸುತ್ತಲಿನ ಕಪ್ಪು ವೃತ್ತವನ್ನು ಸುಮಾರು 4 ಸೆಂಟಿಮೀಟರಿನ ಬಿಲ್ಲೆಯಷ್ಟು ಗುರುತಿಸಿ, ಅದರ ಹಿಂದೆ ಗ್ರಂಥಿ, ರಕ್ತನಾಳ, ನರಗಳಿರುವ ದಪ್ಪನೆಯ ಮಾಂಸದ ಕಂಬವನ್ನು ಹಾಗೇ ಬಿಡುತ್ತಾರೆ. ಅದಕ್ಕೆ ಪೆಡಿಕಲ್ ಎನ್ನುತ್ತಾರೆ. ಸುತ್ತಲಿನ ಹೆಚ್ಚುವರಿಯನ್ನು ಕತ್ತರಿಸಿ ತೆಗೆದು, ಕಂಬವನ್ನು ತಿರುಗಿಸಿ ಅಥವಾ ಮಡಿಸಿ ಮೇಲಿನ ಹೊಸ ಕಿಂಡಿಗೆ ಕೂರಿಸಿ, ಎರಡೂ ಬದಿಯ ಚರ್ಮ ತಂದು ಮುಂದೆ ಹೊಲಿಯುತ್ತಾರೆ. ಕಂಬ ಕೆಳಗಿನಿಂದ ಬಂದರೆ ಇನ್ಫೀರಿಯರ್ ಪೆಡಿಕಲ್, ಮೇಲಿನ ಒಳಬದಿಯಿಂದ ಬಂದರೆ ಸೂಪರೋಮೀಡಿಯಲ್. ಕೆಳಗಿನದು ಬಹಳ ದೊಡ್ಡ ಎದೆಗೂ ಹೊಂದುತ್ತದೆ, ಆದರೆ ವರ್ಷಗಳು ಕಳೆದಂತೆ ಅದರ ಭಾರಕ್ಕೆ ಕೆಳಭಾಗ ಜೋತು ತೊಟ್ಟು ಮೇಲ್ಮುಖವಾಗಬಹುದು. ಮೇಲಿನದರಲ್ಲಿ ಆಕಾರ ಹೆಚ್ಚು ಕಾಲ ನಿಲ್ಲುತ್ತದೆ. ನಿಮಗೆ ಯಾವುದು, ಯಾಕೆ ಎಂದು ಕೇಳಿ. ಉತ್ತರ ಕೊಡಲು ಡಾಕ್ಟರಿಗೆ ಎರಡು ನಿಮಿಷ ಸಾಕು.

ಕಂಬ ಉದ್ದವಾದಷ್ಟೂ ತುದಿಗೆ ರಕ್ತ ಮುಟ್ಟುವುದು ಕಷ್ಟ. ಹೊಲದ ಕೊನೆಯ ಮಡಿಗೆ ಕಾಲುವೆ ನೀರು ಹೋದ ಹಾಗೆ. ಥಿಯೇಟರಿನಲ್ಲೇ ತೊಟ್ಟನ್ನು ಒತ್ತಿ ಬಿಟ್ಟು ನೋಡುತ್ತಾರೆ; ಬಿಳಚಿದ್ದು ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಬಣ್ಣಕ್ಕೆ ಬರಬೇಕು. ನೇರಳೆಗೆ ತಿರುಗಿದರೆ ರಕ್ತ ಬರುತ್ತಿದೆ, ವಾಪಸ್ ಹೋಗುತ್ತಿಲ್ಲ ಎಂದರ್ಥ. ಹೊಲಿಗೆ ಸಡಿಲಿಸಿ, ಕಂಬ ಎಲ್ಲಿ ಮುರುಟಿದೆ ಎಂದು ಹುಡುಕುತ್ತಾರೆ. ಏನು ಮಾಡಿದರೂ ಬಣ್ಣ ಬಾರದಿದ್ದಾಗ ಕೊನೆಯ ದಾರಿಯಾಗಿ ತೊಟ್ಟನ್ನು ತೆಳುವಾಗಿ ಬಿಡಿಸಿ ಚರ್ಮದ ಕಸಿಯಂತೆ ಕೂರಿಸುತ್ತಾರೆ. ಬಹಳ ದೊಡ್ಡ ಎದೆಯಲ್ಲಿ, ಇಲ್ಲವೇ ರಕ್ತ ಸಂಚಾರ ನಂಬಲಾಗದವರಲ್ಲಿ ಮೊದಲೇ ಹೀಗೆ ಯೋಜಿಸುವುದೂ ಉಂಟು. ಆಗ ಹಾಲೂಡಿಸುವ ಸಾಧ್ಯತೆ ಹೋಗುತ್ತದೆ, ಸ್ಪರ್ಶವೂ ಬಹುಮಟ್ಟಿಗೆ ಹೋಗುತ್ತದೆ. ಒಪ್ಪಿಗೆ ಪತ್ರದಲ್ಲಿ ಆ ಸಾಲು ಇದ್ದೇ ಇರುತ್ತದೆ; ಕಣ್ಣು ಹಾಯಿಸದೆ ಸಹಿ ಹಾಕಬೇಡಿ.

ಪೆಡಿಕಲ್ ಉಳಿಸಿದಾಗ ಮುಂದೆ ಮಗುವಿಗೆ ಹಾಲು ಕೊಡಲು ಹಲವರಿಗೆ ಸಾಧ್ಯವಾಗುತ್ತದೆ, ಆದರೆ ಪೂರ್ತಿ ಸಾಲುತ್ತದೆಂಬ ಭರವಸೆ ಯಾರೂ ಕೊಡಲಾರರು. ಸ್ಪರ್ಶವೂ ಹಾಗೇ. ನಾಲ್ಕನೇ ಪಕ್ಕೆಲುಬಿನ ಸಂದಿನಿಂದ ಬರುವ ನರವೇ ತೊಟ್ಟಿಗೆ ಮುಖ್ಯ, ಅದು ಜಗ್ಗಿದರೆ ತಿಂಗಳುಗಟ್ಟಲೆ ಜೋಮು. ಮೂರನೇ ನಾಲ್ಕನೇ ವಾರ ಕರೆಂಟ್ ಹೊಡೆದಂತೆ ಚುರ್ರೆಂದರೆ ನರ ಎಚ್ಚರವಾಗುತ್ತಿದೆ ಎಂದು ತಿಳಿಯಬೇಕು. ಕೆಲವರಿಗೆ ಸ್ಪರ್ಶ ಮರಳುವುದೇ ಇಲ್ಲ.

ಯಾರು ಕಾಯಬೇಕು

ಹೊಗೆ ಸೇದುವುದನ್ನು ನಿಲ್ಲಿಸದವರಿಗೆ ಈ ಸರ್ಜರಿ ಮಾಡಬಾರದು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುರುಟಿಸುತ್ತದೆ, ಮತ್ತು ಇಲ್ಲಿ ಎಲ್ಲವೂ ನಿಂತಿರುವುದು ಆ ಸಣ್ಣ ನಾಳಗಳ ಮೇಲೆ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ನಂತರ ಪೂರ್ತಿ ನಿಲ್ಲಬೇಕು. ವೇಪ್, ನಿಕೋಟಿನ್ ಗಮ್, ಅಜ್ಜಿಯ ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಎಲ್ಲವೂ ಇದೇ ಲೆಕ್ಕ. ಮನೆಯಲ್ಲಿ ಸೇದುತ್ತಿಲ್ಲವೆಂದು ನಂಬಿಸಿದ ಹುಡುಗಿ ಅಮ್ಮನ ಎದುರು ಡಾಕ್ಟರಿಗೆ ನಿಜ ಹೇಳುವುದಿಲ್ಲ, ಅದು ಸಹಜ. ಅದಕ್ಕೇ ಆ ಪ್ರಶ್ನೆಯನ್ನು ಒಬ್ಬರೇ ಇರುವಾಗ ಕೇಳಬೇಕು.

ಹಾಲು ಬಿಡಿಸಿ ಆರು ತಿಂಗಳಾದರೂ ಆಗಿರಬೇಕು. ಹರೆಯದವರಲ್ಲಿ ಎದೆಯ ಬೆಳವಣಿಗೆ ನಿಂತಿರಬೇಕು, ಇಲ್ಲವಾದರೆ ತೆಗೆದದ್ದು ಮತ್ತೆ ಬೆಳೆಯುತ್ತದೆ. ತೂಕ ಇಳಿಸುವ ಯೋಚನೆಯಿದ್ದರೆ ಮೊದಲು ಇಳಿಸಿ, ಕೆಲವು ತಿಂಗಳು ಅಲ್ಲೇ ನಿಲ್ಲಿಸಿ, ಆಮೇಲೆ ಬನ್ನಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. 40 ದಾಟಿದವರಿಗೆ ಮ್ಯಾಮೊಗ್ರಾಂ, ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ ಇನ್ನೂ ಮುಂಚೆ. ತೆಗೆದ ಮಾಂಸ ಎಡ ಬಲ ಬೇರೆ ಡಬ್ಬಿಗಳಲ್ಲಿ ಪೆಥಾಲಜಿಗೆ ಹೋಗಬೇಕು, ಖರ್ಚು ಉಳಿಸಲು ಇದನ್ನು ಬಿಡಬೇಡಿ. ನಮ್ಮ ಹೆಂಗಸರಲ್ಲಿ ಪದೇ ಪದೇ ಅಡ್ಡ ಬರುವುದು ಹಿಮೋಗ್ಲೋಬಿನ್. 9 ಇದ್ದರೆ ತಾರೀಕು ಮುಂದೆ ಹೋಗುತ್ತದೆ, ಕಬ್ಬಿಣದ ಮಾತ್ರೆ ಶುರುವಾಗುತ್ತದೆ. ಆ ಮಾತ್ರೆಯನ್ನು ಬೆಳಗಿನ ಫಿಲ್ಟರ್ ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದು ಅಷ್ಟಕ್ಕಷ್ಟೆ. ಒಂದೆರಡು ಗಂಟೆ ಅಂತರ ಬೇಕು. ಕಾಫಿ ಬಿಡಿ ಎಂದರೆ ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ, ಹೊತ್ತು ಬದಲಿಸಿ ಎಂದರೆ ಕೇಳುತ್ತಾರೆ.

ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗಿನ ಹೆಸರು ಡಿಆರ್.ಎನ್.ಬಿ.) ಎಂಬ ತಜ್ಞ ಪದವಿ ಪಡೆದಿರಬೇಕು. ಬೋರ್ಡಿನ ಮೇಲಿನ "ಕಾಸ್ಮೆಟಿಕ್" ಎಂಬ ಪದ ಪದವಿಯಲ್ಲ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಗೆ ತೂಗುಹಾಕಿರುತ್ತದೆ, ನೋಡಿ. ಅನಸ್ತೇಷಿಯಾ ಡಾಕ್ಟರು ಯಾರು, ರಾತ್ರಿ ರಕ್ತ ಕಟ್ಟಿಕೊಂಡರೆ ಮತ್ತೆ ಥಿಯೇಟರ್ ತೆರೆಯುವ ವ್ಯವಸ್ಥೆ ಅಲ್ಲೇ ಇದೆಯೇ ಎಂದು ಕೇಳಿ. ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗ ಇದೆ ಎಂಬುದು ಎಷ್ಟೋ ಜನರ ಮನಸ್ಸಿಗೇ ಬರುವುದಿಲ್ಲ.

ಮೂರು ಹೊಲಿಗೆ ಕೂಡುವ ಮೂಲೆ

ಸರ್ಜರಿ ಎರಡೂವರೆಯಿಂದ ನಾಲ್ಕು ಗಂಟೆ, ಪೂರ್ತಿ ಪ್ರಜ್ಞೆ ತಪ್ಪಿಸಿ. ಒಂದು ರಾತ್ರಿ ಆಸ್ಪತ್ರೆ. ಕೆಲವರು ಒಳಗೆ ನಿಂತ ರಕ್ತ ಹೊರಬರಲೆಂದು ಎರಡು ಡ್ರೈನ್ ಪೈಪು ಬಿಟ್ಟಿರುತ್ತಾರೆ, ಒಂದೆರಡು ದಿನದಲ್ಲಿ ಎಳೆಯುತ್ತಾರೆ. ಪೈಪೇ ಇಡದ ಸರ್ಜನ್‌ಗಳೂ ಇದ್ದಾರೆ, ಅದು ಅಸಡ್ಡೆಯಲ್ಲ. ನೋವು ಜನ ಹೆದರುವಷ್ಟು ಇರುವುದಿಲ್ಲ. ಮೊದಲ 24 ಗಂಟೆಯಲ್ಲಿ ಒಂದೇ ಕಡೆ ದಿಢೀರನೆ ಊದಿ ಬಿಗಿದು ನೋವು ಏರಿದರೆ ಒಳಗೆ ರಕ್ತ ಕಟ್ಟಿದೆ ಎಂದು ಅನುಮಾನಿಸಬೇಕು, ಐಸ್ ಇಟ್ಟು ಕಾಯುತ್ತ ಕೂರಬಾರದು. ಮೊದಲ ಸಲ ಬ್ರಾ ಬಿಚ್ಚಿ ನೋಡಿಕೊಂಡಾಗ ತಲೆ ಸುತ್ತಿ ಬೀಳುವವರಿದ್ದಾರೆ. ಕುಳಿತೇ ನೋಡಿ. ಕಾಣುವುದು ಚಂದವಾಗಿರುವುದಿಲ್ಲ: ಮೇಲೆ ಉಬ್ಬು, ಕೆಳಗೆ ಚಪ್ಪಟೆ, ಪೆಟ್ಟಿಗೆಯಂಥ ಆಕಾರ. ಅದು ಇಳಿದು ದುಂಡಾಗಲು ಮೂರು ತಿಂಗಳು ಬೇಕು.

ಗಾಯದ ಗೆರೆ ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಗೆ ಒಂದು, ಮಡಿಕೆಯುದ್ದಕ್ಕೆ ಒಂದು, ಲಂಗರಿನ ಹಾಗೆ. ಅಷ್ಟೇನೂ ದೊಡ್ಡದಲ್ಲದ ಎದೆಗೆ ಮಡಿಕೆಯ ಗೆರೆಯಿಲ್ಲದೆಯೂ ಮಾಡುತ್ತಾರೆ. ನಿಂತ ಗೆರೆ ಮಡಿಕೆಯ ಗೆರೆಯನ್ನು ಸೇರುವ ಮೂಲೆ ಇದೆಯಲ್ಲ, ಎಲ್ಲ ತಂಟೆ ಅಲ್ಲೇ. ಮೂರು ಕಡೆಯ ಚರ್ಮ ಅಲ್ಲಿ ಬಂದು ಕೂಡುತ್ತದೆ, ಜಗ್ಗಾಟ ಅಲ್ಲೇ ಹೆಚ್ಚು, ರಕ್ತ ಅಲ್ಲೇ ಕಡಿಮೆ, ಬೆವರೂ ಅಲ್ಲೇ. ಟೈಲರ್‌ಗಳೂ ಮೂರು ಹೊಲಿಗೆ ಕೂಡುವಲ್ಲಿ ಎರಡು ಸಲ ಹೊಲಿಯುತ್ತಾರೆ. ಚರ್ಮಕ್ಕೆ ಎರಡು ಸಲ ಹೊಲಿದರೆ ರಕ್ತ ಇನ್ನೂ ಕಡಿಮೆಯಾಗುತ್ತದೆ.

ಇನ್ನೊಂದು ಮುಖ ಮರೆಯುವುದಿಲ್ಲ. ಹನ್ನೆರಡನೇ ದಿನ, ಡ್ರೆಸ್ಸಿಂಗ್ ರೂಮು. ಮಂಚದ ಮೇಲೆ ಇಪ್ಪತ್ತಾರರ ಹುಡುಗಿ, ಪಕ್ಕದಲ್ಲಿ ಅಮ್ಮ. ಬಲಗಡೆ ಆ ಮೂಲೆಯಲ್ಲಿ ಎಂಟಾಣೆ ಅಗಲ ಬಾಯಿ ಬಿಟ್ಟಿದೆ, ಅದರ ತುಂಬ ಅರಿಶಿನದ ಪೇಸ್ಟು. ಸಿಸ್ಟರ್ ಏನೂ ಅನ್ನದೆ ಸಲೈನ್ ಹಾಕಿ ಹಾಕಿ ತೊಳೆಯುತ್ತಿದ್ದರು. "ಏನು ಊಟ ಕೊಡ್ತಿದೀರಮ್ಮ?" ಎಂದು ಕೇಳಿದಾಗ ಅಮ್ಮ ಹೆಮ್ಮೆಯಿಂದಲೇ ಹೇಳಿದರು: "ಪಥ್ಯ ಸಿಸ್ಟರ್. ಮೆಣಸಿನ ಸಾರು, ಅನ್ನ. ಮೊಟ್ಟೆ, ಮೊಸರು, ಬದನೆಕಾಯಿ ಒಂದೂ ಮುಟ್ಟಿಸಿಲ್ಲ, ನಂಜಾಗುತ್ತೆ." ಹುಡುಗಿ ಚಾವಣಿ ನೋಡುತ್ತಿದ್ದಳು. ಸಿಸ್ಟರ್ ಗಾಜ್ ಮಡಿಸುತ್ತ, "ಬದನೆಕಾಯಿ ಬೇಡ ಬಿಡಿ, ನಿಮ್ಮಿಷ್ಟ. ಮೊಟ್ಟೆ ಎರಡು ಕೊಡಿ ದಿನಾ. ಗೋಡೆ ಬಿದ್ದಿದೆ, ನೀವು ಇಟ್ಟಿಗೆ ಕೊಡದೆ ಬರೀ ನೀರು ಕೊಡ್ತಿದೀರಿ" ಅಂದರು. ಅಮ್ಮನಿಗೆ ಅರ್ಥವಾಯಿತು. ಇದಕ್ಕಿಂತ ಚೆನ್ನಾಗಿ ಪ್ರೋಟೀನ್ ವಿವರಿಸಿದವರನ್ನು ನಾನು ಕೇಳಿಲ್ಲ.

ಲೆಕ್ಕಕ್ಕೆ ಹೇಳುವುದಾದರೆ, 60 ಕಿಲೋ ತೂಕದವರಿಗೆ ಗಾಯ ಮಾಯುವ ಕಾಲದಲ್ಲಿ ದಿನಕ್ಕೆ 70–90 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6–7, ನೂರು ಗ್ರಾಂ ಪನ್ನೀರಿನಲ್ಲಿ 18. ತಿಳಿಸಾರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಮೂಲೆ ಬಾಯಿ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಹೊಲಿಯುವುದಿಲ್ಲ. ಡ್ರೆಸ್ಸಿಂಗ್ ಮಾಡುತ್ತಾ ಹೋದರೆ ತಳದಿಂದ ಕೂಡಿಕೊಂಡು ಮೂರರಿಂದ ಆರು ವಾರದಲ್ಲಿ ಮುಚ್ಚುತ್ತದೆ. ಇದು ಅತಿ ಸಾಮಾನ್ಯ ತೊಡಕು, ಸರ್ಜನ್ ಕೆಟ್ಟವರೆಂದು ಅರ್ಥವಲ್ಲ. ಅದೇ ತೊಟ್ಟು ಕಪ್ಪಾಗುತ್ತಿದ್ದರೆ, ಜ್ವರ 38 ಡಿಗ್ರಿ ದಾಟಿದರೆ, ಕೆಂಪು ಹರಡುತ್ತಾ ಕೀವು ನಾತ ಹೊಡೆದರೆ ಅವತ್ತೇ ಹೋಗಬೇಕು. ಮೀನಖಂಡ ಊದಿ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ಓಪಿಡಿಯ ಸಾಲಿನಲ್ಲಿ ನಿಲ್ಲದೆ ಸೀದಾ ಎಮರ್ಜೆನ್ಸಿಗೆ. ತಿಂಗಳುಗಳ ಮೇಲೆ ಒಳಗೆ ಗಟ್ಟಿ ಗಂಟು ಸಿಕ್ಕರೆ ಹೆಚ್ಚಿನ ಸಲ ಅದು ರಕ್ತ ಸಿಗದೆ ಸತ್ತ ಕೊಬ್ಬು, ಆದರೂ ಸ್ಕ್ಯಾನ್ ಮಾಡಿಸದೆ ಹಾಗೆಂದು ತೀರ್ಮಾನಿಸಬಾರದು.

ಕ್ಯಾನು, ಹಂಪು, ಜಡೆ

ಡಿಸ್ಚಾರ್ಜ್ ಚೀಟಿಯಲ್ಲಿ "ಭಾರ ಎತ್ತಬೇಡಿ" ಎಂದಿರುತ್ತದೆ. ಯಾವ ಭಾರ? ಆರು ವಾರ ಎರಡು ಮೂರು ಕಿಲೋ ಮೀರಬಾರದು ಎಂದರೆ, 20 ಲೀಟರಿನ ನೀರಿನ ಕ್ಯಾನ್ ಬಗ್ಗಿಸುವಂತಿಲ್ಲ, ಗ್ಯಾಸ್ ಸಿಲಿಂಡರ್ ಎಳೆಯುವಂತಿಲ್ಲ, ಬಕೆಟ್ಟಿನಿಂದ ಒದ್ದೆ ಬೆಡ್‌ಶೀಟ್ ಹಿಂಡುವಂತಿಲ್ಲ, ಓಡಿ ಬಂದ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಕೊನೆಯದೇ ಎಲ್ಲಕ್ಕಿಂತ ಕಷ್ಟ. ಕುಳಿತು ತೊಡೆ ಮೇಲೆ ಹತ್ತಿಸಿಕೊಳ್ಳಿ. ಕೈ ಹೆಗಲಿಗಿಂತ ಮೇಲೆತ್ತುವುದನ್ನು ಮೂರು ವಾರ ತಪ್ಪಿಸಬೇಕು, ಎಂದರೆ ಜಡೆ ಬೇರೆಯವರು ಹಾಕಬೇಕು, ಬಿಎಂಟಿಸಿಯಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವಂತಿಲ್ಲ. ಮುಂದೆ ಗುಂಡಿಯಿರುವ ನೈಟಿ ನಾಲ್ಕು ಮೊದಲೇ ತಂದಿಡಿ, ತಲೆ ಮೇಲಿನಿಂದ ಎಳೆಯುವ ಕುರ್ತಿ ಬೇಡ. ದಿಂಬು ಒರಗಿಸಿ ಬೆನ್ನ ಮೇಲೆ ಮಲಗುವುದು ನಾಲ್ಕು ವಾರ. ಕಂಪ್ಯೂಟರ್ ಕೆಲಸದವರು ಎರಡು ವಾರಕ್ಕೆ ಮನೆಯಿಂದ ಕೆಲಸ ಶುರುಮಾಡಬಹುದು. ಸ್ಕೂಟರ್ ಮಾತ್ರ ತಡವಾಗಲಿ; ನಮ್ಮ ರಸ್ತೆಯ ಹಂಪು, ಗುಂಡಿ ಆ ಮೂಲೆಯ ಹೊಲಿಗೆಯನ್ನೇ ಜಗ್ಗುತ್ತವೆ.

ಸರ್ಜಿಕಲ್ ಬ್ರಾ, ಅಂದರೆ ಮುಂದೆ ತೆರೆಯುವ, ತಂತಿಯಿಲ್ಲದ್ದು, ಹಗಲೂ ರಾತ್ರಿ ಆರು ವಾರ ಹಾಕಿರಬೇಕು. ಎರಡು ತೆಗೆದುಕೊಳ್ಳಿ, ಒಂದು ಒಗೆಯಲು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಇದು ಹಿಂಸೆ. ಆಯ್ಕೆ ಇದ್ದರೆ ನವೆಂಬರ್, ಡಿಸೆಂಬರ್ ಒಳ್ಳೆಯದು. ಗಾಯ ಪೂರ್ತಿ ಒಣಗಿದ ಮೇಲೆ ಸಿಲಿಕಾನ್ ಜೆಲ್ ಅಥವಾ ಶೀಟು, ದಿನಕ್ಕೆ 12 ಗಂಟೆಗೂ ಹೆಚ್ಚು, ಮೂರು ತಿಂಗಳಾದರೂ. ನಮ್ಮ ಮೈಬಣ್ಣದಲ್ಲಿ ಗೆರೆ ಮೊದಲು ಕಪ್ಪಾಗಿ ಕಾಣುತ್ತದೆ, ತಿಳಿಯಾಗಲು ಒಂದು ವರ್ಷ ಒಂದೂವರೆ ವರ್ಷ. ಕಿವಿ ಚುಚ್ಚಿದಲ್ಲಿ ಗಂಟು ಬೆಳೆದವರಿಗೆ ಈ ಗೆರೆಯೂ ಹಾಗೆ ದಪ್ಪಗಾಗಬಹುದು, ಅದನ್ನು ಡಾಕ್ಟರಿಗೆ ಮೊದಲ ಭೇಟಿಯಲ್ಲೇ ತೋರಿಸಬೇಕು.

ವಿಮೆಯ ಒಂದು ಸಾಲು

"ಕಾಸ್ಮೆಟಿಕ್ ಆದ್ದರಿಂದ ಕೊಡುವುದಿಲ್ಲ" ಎಂಬ ಪತ್ರ ಬಹಳ ಜನರಿಗೆ ಬರುತ್ತದೆ, ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಆರೋಗ್ಯ ವಿಮೆಯ ಹೊರಗಿಡುವ ಪಟ್ಟಿಯ 8ನೇ ಕಲಮು ಪೂರ್ತಿ ಓದಿ: ಚಿಕಿತ್ಸೆ ನೀಡುವ ವೈದ್ಯರು ವೈದ್ಯಕೀಯ ಅಗತ್ಯವೆಂದು ಪ್ರಮಾಣೀಕರಿಸಿದ, ನೇರ ಮತ್ತು ತಕ್ಷಣದ ಆರೋಗ್ಯ ಅಪಾಯ ನಿವಾರಿಸುವ ಚಿಕಿತ್ಸೆಗೆ ಅದರಲ್ಲೇ ವಿನಾಯಿತಿ ಇದೆ. ಆ "ತಕ್ಷಣದ" ಎಂಬ ಪದ ಹಿಡಿದು ಕಂಪನಿಗಳು ವಾದಿಸುತ್ತವೆ, ಆದ್ದರಿಂದ ಗೆಲುವು ಖಚಿತವಲ್ಲ. ಆ ಕೈಚೀಲದ ಚೀಟಿಗಳಿಗೆ ಬೆಲೆ ಬರುವುದು ಇಲ್ಲಿ. ತಿಂಗಳುಗಟ್ಟಲೆ ಫಿಸಿಯೋಥೆರಪಿ, ಚರ್ಮದ ಡಾಕ್ಟರ ಔಷಧಿ, ಮೂಳೆ ಡಾಕ್ಟರ ಅಭಿಪ್ರಾಯ, ಅಂದಾಜು ಗ್ರಾಂ, ಎಲ್ಲವನ್ನೂ ಅಡ್ಮಿಟ್ ಆಗುವ ಮೊದಲೇ ಮುಂಗಡ ಅನುಮತಿಗೆ ಕಳಿಸಿ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಬಗೆಹರಿಯದಿದ್ದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ, ಅಂದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ.

ಮೆರೂನ್ ಬ್ಲೌಸಿನವರು ಸರ್ಜರಿಯಾದ ಎರಡನೇ ತಿಂಗಳಿಗೇ ಹೊಸ ಬ್ಲೌಸ್ ಹೊಲಿಸಲು ಹೊರಟಿದ್ದರು, ಅಣ್ಣನ ಮಗಳ ಮದುವೆ. ಮೂರು ತಿಂಗಳಾದರೂ ಕಾಯಿರಿ, ಆರಾದರೆ ಇನ್ನೂ ಒಳ್ಳೆಯದು, ಅಲ್ಲಿಯವರೆಗೆ ಊತ ಇಳಿಯುತ್ತಲೇ ಇರುತ್ತದೆ ಎಂದರು ಡಾಕ್ಟರು. ಕಾಯಲಾಗದಿದ್ದರೆ ಟಕ್ಸ್ ಬಿಗಿಯಾಗಿ ಹಿಡಿಸಬೇಡಿ, ಪಕ್ಕದ ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಡಿಸಿ. ಹಳೆಯ ಬ್ಲೌಸ್ ಏನಾಯಿತು ಎಂದು ಅಕ್ಕನನ್ನು ಕೇಳಿದಾಗ ನಕ್ಕರು. ಮುಂದೆ ಸರಿಯಾಗೇ ಕೂತಿತಂತೆ. ತೋಳೇ ಹತ್ತಲಿಲ್ಲವಂತೆ.